ಹಾಡು ಮುಗಿದ ಮೇಲಿನ ಜಾಗ

ಕನ್ನಡಕದ ಅಂಗಡಿಯ ಪಕ್ಕದ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಆ ಮಹಡಿಗೆ ಮೊದಲ ಸಲ ಹೋದಾಗ ಅವಳಿಗೆ ನಲವತ್ತೇಳು ತುಂಬಿತ್ತು. ಕೈಚೀಲದಲ್ಲಿ ಬಟ್ಟೆ ಸುತ್ತಿದ ಮೂರು ಉಳಿ, ಒಂದು ಭೂತಗನ್ನಡಿ, ಊಟದ ಡಬ್ಬಿ. ಹೊಸ ಕೆಲಸಕ್ಕೆ ಸೇರುವ ವಯಸ್ಸಲ್ಲ ಇದು ಎಂದು ಅವಳಿಗೇ ಅನ್ನಿಸುತ್ತಿತ್ತು. ಆದರೆ ಹಳೆಯ ಕೆಲಸ ಕೈಬಿಟ್ಟು ಎಂಟು ತಿಂಗಳಾಗಿತ್ತು. ಮನೆಯಲ್ಲಿ ಕೂತು ಕೂತು ಬೇಜಾರಾಗಿ ಅವಳು ಅಡುಗೆಮನೆಯ ಚಮಚಗಳ ಹಿಡಿಕೆಯ ಮೇಲೆಲ್ಲ ಬಳ್ಳಿ ಕೆತ್ತಿ ಮುಗಿಸಿದ್ದಳು.

ಹಳೆಯ ಕೆಲಸವೆಂದರೆ ಹೆಸರು ಕೆತ್ತುವುದು. ಓಟದಲ್ಲಿ ಗೆದ್ದವರ ಬಟ್ಟಲು, ಚದುರಂಗದವರ ಪದಕ, ನಿವೃತ್ತರಾದವರ ಕೈಗಡಿಯಾರದ ಬೆನ್ನು, ಬಾಗಿಲಿನ ಹಿತ್ತಾಳೆ ಫಲಕ. ಅಂಗಡಿ ಚಿಕ್ಕಮ್ಮನದು. ಒಂಬತ್ತನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ ಇವಳನ್ನು ಚಿಕ್ಕಮ್ಮ ಕರೆತಂದು, ಅನ್ನದ ಜೊತೆಗೆ ಉಳಿಯನ್ನೂ ಕೈಗಿತ್ತಿದ್ದಳು. ಚಿಕ್ಕಮ್ಮನಿಗೆ ಮದುವೆಯ ಗೊಡವೆ ಇರಲಿಲ್ಲ. ಇವಳಿಗೂ ಅದು ಒದಗಿ ಬರಲಿಲ್ಲ. ಇಬ್ಬರೂ ಒಂದೇ ಮೇಜಿನ ಆಚೆ ಈಚೆ ಕೂತು, ಒಂದೇ ದೀಪದ ಬೆಳಕಿನಲ್ಲಿ, ಊರವರ ಗೆಲುವುಗಳನ್ನೆಲ್ಲ ಲೋಹದ ಮೇಲೆ ಬರೆದು ಕಳಿಸಿದ್ದರು.

ಚಿಕ್ಕಮ್ಮನದು ಒಂದು ಕಟ್ಟುನಿಟ್ಟು ಇತ್ತು. ಹದಿನೇಳನೇ ವಯಸ್ಸಿನಲ್ಲಿ ಇವಳು ಒಂದು ಬಟ್ಟಲಿನ ಮೇಲೆ, ಗಿರಾಕಿ ಬರೆದುಕೊಟ್ಟ ಚೀಟಿಯಲ್ಲಿ ತಪ್ಪಾಗಿದೆಯೆಂದುಕೊಂಡು, ಗೆದ್ದವನ ಹೆಸರಿನ ದೀರ್ಘವೊಂದನ್ನು ತಿದ್ದಿ ಕೆತ್ತಿದ್ದಳು. ಅವನು ಹುಟ್ಟಿದಾಗಿನಿಂದ ಹೆಸರು ಚೀಟಿಯಲ್ಲಿದ್ದ ಹಾಗೇ ಬರೆಯುವವನಂತೆ. ಬಟ್ಟಲು ವಾಪಸ್ಸು ಬಂತು. ಚಿಕ್ಕಮ್ಮ ಅದನ್ನು ಎರಡು ದಿನ ಉಜ್ಜಿ ನುಣುಪು ಮಾಡಿ ಮತ್ತೆ ತಾನೇ ಕೆತ್ತಿದಳು. ಬೈಯಲಿಲ್ಲ. "ನಾವು ಕೈ ಅಷ್ಟೇ ಕಣೆ. ಬಾಯಿ ಅವರದ್ದು," ಅಂದಳು. ಆಮೇಲೆ ಮೂವತ್ತು ವರ್ಷ ಇವಳು ಯಾರ ಚೀಟಿಯನ್ನೂ ತಿದ್ದಲಿಲ್ಲ.

ಪಕ್ಕದ ಬೀದಿಗೆ ಬೆಳಕಿನಿಂದ ಕೆತ್ತುವ ಯಂತ್ರ ಬಂದ ಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಸರಿದರು. ಚಿಕ್ಕಮ್ಮ ಒಂದು ದಿನ ಹೋಗಿ ಆ ಯಂತ್ರವನ್ನು ನೋಡಿಕೊಂಡೇ ಬಂದಳು. "ಚೆನ್ನಾಗೇ ಬರೀತದೆ, ಸುಳ್ಳು ಯಾಕೆ ಹೇಳ್ಲಿ," ಎಂದು ಅಂಗಡಿಯ ಬಾಗಿಲು ಎಳೆದಳು.

ಮಹಡಿಯ ಮೇಲಿನ ಕೆಲಸ ಕೊಟ್ಟವರು ಮೇಷ್ಟ್ರು. ತಾಂತ್ರಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಬೀಳ್ಕೊಡುಗೆಯ ದಿನ ಅವರಿಗೆ ಸಿಕ್ಕ ಗಡಿಯಾರದ ಬೆನ್ನಿನ ಮೇಲೆ ಇವಳದೇ ಅಕ್ಷರ ಇತ್ತು. ಈಗ ಅವರು ರೆಕಾರ್ಡ್ ಕೊರೆಯುತ್ತಿದ್ದರು. ಗಾಜಿನ ಬಾಗಿಲ ಆಚೆಯ ಕೋಣೆಯಲ್ಲಿ ಹಳೆಯ ಹೊಲಿಗೆ ಯಂತ್ರ ಮತ್ತು ಲೇತು ಎರಡೂ ಕೂಡಿ ಹುಟ್ಟಿದಂತಿದ್ದ ಒಂದು ಯಂತ್ರ. ಅದರ ಮೇಲೆ ಕರಿಯ ಅರಗಿನ ಲೇಪವಿದ್ದ ಅಲ್ಯೂಮಿನಿಯಂ ತಟ್ಟೆ ತಿರುಗುತ್ತಿತ್ತು. ನೀಲಮಣಿಯ ಮೊನೆಯೊಂದು ಅದರ ಮೇಲೆ ಇಳಿದು, ಹಾಡು ನಡೆದಷ್ಟು ಹೊತ್ತೂ ಒಂದೇ ಗೆರೆಯನ್ನು ಅಂಚಿನಿಂದ ನಡುವಿನ ಕಡೆಗೆ ಸುತ್ತಿ ಸುತ್ತಿ ಕೊರೆಯುತ್ತಿತ್ತು. ಎದ್ದ ಎಳೆಯನ್ನು, ಕೂದಲಿಗಿಂತ ಸಣ್ಣ ಕರಿ ಎಳೆಯನ್ನು, ಒಂದು ಕೊಳವೆ ಹೀರಿಕೊಳ್ಳುತ್ತಿತ್ತು. ಆ ತಟ್ಟೆ ಅಚ್ಚಿನ ಕಾರ್ಖಾನೆಗೆ ಹೋಗಿ ಅಲ್ಲಿ ಅದರಿಂದ ಲೋಹದ ಅಚ್ಚು, ಅಚ್ಚಿನಿಂದ ನೂರಾರು ರೆಕಾರ್ಡು.

"ಹಾಡು ಮುಗಿದ ಮೇಲೆ ಇಲ್ಲಿ ಇಷ್ಟು ಜಾಗ ಖಾಲಿ ಉಳಿಯುತ್ತಮ್ಮ," ಎಂದು ಮೇಷ್ಟ್ರು ನಡುವಿನ ನುಣುಪು ಪಟ್ಟಿಯನ್ನು ತೋರಿಸಿದರು. ಮುಟ್ಟಲಿಲ್ಲ, ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿದರು. "ಇಲ್ಲಿ ಕಂಪನಿಯ ಗುರುತಿನ ನಂಬರು ಕೈಯಲ್ಲೇ ಬರೀಬೇಕು. ಕೆಲವರು ಒಂದು ಮಾತೂ ಬರೆಸ್ತಾರೆ. ನನ್ನ ಕಣ್ಣು ಈಗ ಸರಿಯಿಲ್ಲ. ಒಂದು ಕೂದಲೆಳೆ ಹೊರಗೆ ಜಾರಿದರೂ ಹಾಡು ಹಾಳು."

ಅರಗು ಹಿತ್ತಾಳೆಯ ಹಾಗಲ್ಲ. ಹಿತ್ತಾಳೆ ಎದುರಿಸುತ್ತದೆ, ಒತ್ತಿದಷ್ಟೇ ಬಿಡುತ್ತದೆ. ಈ ಕರಿ ಲೇಪ ಉಗುರುಬಣ್ಣದಷ್ಟು ಮೆತ್ತಗೆ. ಮನಸ್ಸಿನಲ್ಲಿ ಅಂದುಕೊಂಡರೂ ಗೀರು ಬಿದ್ದೀತು ಎನ್ನುವಂತಿತ್ತು. ಬೆರಳು ತಾಗುವಂತಿಲ್ಲ, ಉಸಿರು ಬಿಡುವಂತಿಲ್ಲ. ಅವಳು ಬಡಗಿಯಿಂದ ಒಂದು ಪುಟ್ಟ ಮರದ ಅಡ್ಡಪಟ್ಟಿ ಮಾಡಿಸಿಕೊಂಡು, ಅದನ್ನು ತಟ್ಟೆಯ ಮೇಲೆ ಸೇತುವೆಯ ಹಾಗೆ ನಿಲ್ಲಿಸಿ, ಕೈ ಊರಿ ಬರೆಯುವುದನ್ನು ರೂಢಿಸಿಕೊಂಡಳು. ಕೆಟ್ಟುಹೋದ ತಟ್ಟೆಗಳ ಮೇಲೆ ಒಂದು ತಿಂಗಳು ಅಭ್ಯಾಸ. ಬಗ್ಗಿ ನೋಡಿದರೆ ಆ ಕಪ್ಪಿನ ಆಳದಲ್ಲಿ ಅವಳ ಮುಖವೇ ಕಾಣುತ್ತಿತ್ತು, ಬಾವಿಯ ನೀರಿನಲ್ಲಿ ಕಂಡ ಹಾಗೆ ಸ್ವಲ್ಪ ದೂರದಲ್ಲಿ.

ಬಂದವರೆಲ್ಲ ಅವಳನ್ನು ಅಕ್ಷರಕ್ಕ ಎನ್ನತೊಡಗಿದರು. ಯಾರು ಶುರು ಮಾಡಿದರೋ, ಅದೇ ಅಂಟಿಕೊಂಡಿತು.

ಅಲ್ಲಿಗೆ ಹೆಚ್ಚಾಗಿ ಬರುತ್ತಿದ್ದದ್ದು ಒಂದು ಪುಟ್ಟ ಲೇಬಲ್‌ನ, ಅಂದರೆ ರೆಕಾರ್ಡ್ ಕಂಪನಿಯ, ಕೆಲಸ. ಅದರ ಹೆಸರು ಒದ್ದೆ ಟವೆಲ್. ನಡೆಸುತ್ತಿದ್ದವಳು ಪುರಸಭೆಯ ಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಟೀಚರ್. ಮೂವತ್ತೈದರ ಹೆಂಗಸು, ಯಾವಾಗ ನೋಡಿದರೂ ಕೂದಲು ಹಸಿ, ಕುತ್ತಿಗೆಗೆ ಟವೆಲ್. ಹೆಸರಿಗೆ ಬೇರೆ ಕಾರಣ ಹುಡುಕಬೇಕಾಗಿಯೇ ಇರಲಿಲ್ಲ. ಊರಿನ ಮೂಲೆಮೂಲೆಗಳಲ್ಲಿ, ಕೆಲಸ ಮುಗಿಸಿ ಮನೆಯಲ್ಲಿ ಕೂತು, ಕುಣಿಯುವ ಸಂಗೀತ ಮಾಡುವವರನ್ನು ಹುಡುಕಿ ಅವಳು ರೆಕಾರ್ಡ್ ಹೊರತರುತ್ತಿದ್ದಳು. ಎರಡು ತಿಂಗಳಿಗೊಂದು. ಕೆಲವು ಹೌಸ್, ಕೆಲವು ಟೆಕ್ನೊ.

"ಎರಡಕ್ಕೂ ಏನು ವ್ಯತ್ಯಾಸ?" ಎಂದು ಅಕ್ಷರಕ್ಕ ಒಮ್ಮೆ ಕೇಳಿದ್ದಳು.

ಈಜು ಟೀಚರ್ ಟವೆಲ್ಲಿನಿಂದ ಕಿವಿ ಒರೆಸಿಕೊಳ್ಳುತ್ತ ಯೋಚಿಸಿದಳು. "ಹೌಸ್‌ನಲ್ಲಿ ಯಾರೋ ಬಾಗಿಲು ತೆಗೆದು ಒಳಗೆ ಕರೆದ ಹಾಗಿರುತ್ತೆ ಅಕ್ಕ. ಟೆಕ್ನೊದಲ್ಲಿ ಬಾಗಿಲೇ ಇರಲ್ಲ. ನೀವು ಆಗಲೇ ಒಳಗಿರ್ತೀರಿ."

ಮೊದಮೊದಲು ಅಕ್ಷರಕ್ಕನಿಗೆ ಆ ಸಂಗೀತ ಮೇಲಿನ ಮನೆಯವರು ಗೋಡೆಗೆ ಮೊಳೆ ಹೊಡೆಯುತ್ತಿರುವಂತೆಯೇ ಕೇಳಿಸಿತ್ತು. ಧಂ ಧಂ ಧಂ ಧಂ, ಬೇರೇನೂ ಇಲ್ಲ. ಆದರೆ ಕೊರೆಯುವಾಗ ಅವಸರ ಮಾಡುವಂತಿಲ್ಲ. ಏಳು ನಿಮಿಷದ ಹಾಡಿಗೆ ಏಳೇ ನಿಮಿಷ ಬೇಕು. ಕೆಳಗಿನ ಬೀದಿಯಲ್ಲಿ ಗಾಡಿಗಳ ಅದುರು ಕಡಿಮೆಯಿರುವ ಮಧ್ಯಾಹ್ನದ ಹೊತ್ತೇ ಕೆಲಸ. ಗಾಜಿನ ಆಚೆ ಮೇಷ್ಟ್ರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿರುತ್ತಿದ್ದರು. ಈಚೆ ತನ್ನ ಮೇಜಿನ ಮುಂದೆ ಅವಳು, ಕಪಾಟಿನ ಮೇಲಿನ ಪುಟ್ಟ ಸ್ಪೀಕರಿನಲ್ಲಿ ಬರುವುದನ್ನು ಕೇಳುತ್ತ, ಕಿಟಕಿ ತೆರೆದುಕೊಂಡು, ಕೈ ಕಟ್ಟಿ ಕೂರುವುದು.

ಹಾಗೆ ಕೂತು ಕೂತು, ಯಾವ ದಿನ ಎಂದು ಹೇಳಲಾಗದ ಒಂದು ದಿನ, ಆ ಧಂ ಧಂ ಹಿಂದಕ್ಕೆ ಸರಿದು ನೆಲವಾಯಿತು. ನೆಲದ ಮೇಲೆ ಏನೇನೋ ಓಡಾಡತೊಡಗಿದವು. ತಗಡಿನ ಮೇಲೆ ಅಕ್ಕಿ ಚೆಲ್ಲಿದಂಥ ಒಂದು ಸದ್ದು ಬಂದು ಹೋಗುವುದು. ಒಂದೇ ಸ್ವರ ಎಂಟು ಸಲ ಕೇಳಿ, ಒಂಬತ್ತನೆಯ ಸಲ ಅದೇ ಸ್ವರ ಬೇರೆಯದೇ ಅನ್ನಿಸುವುದು. ಯಾರೋ ಪಕ್ಕದ ಕೋಣೆಯಲ್ಲಿ ಮಾತಾಡಲು ಬಾಯಿ ತೆರೆದು ಸುಮ್ಮನಾದಂತೆ ಒಂದು ಉಸಿರು. ಅವಳಿಗೆ ನಿದ್ದೆ ಬರುತ್ತಿರಲಿಲ್ಲ, ಎಚ್ಚರವೂ ಪೂರ್ತಿ ಇರುತ್ತಿರಲಿಲ್ಲ. ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಾಗ ಊರು ತಾನಾಗಿ ಹಿಂದೆ ಹೋಗುತ್ತದಲ್ಲ, ಹಾಗೆ. ಮೂವತ್ತು ವರ್ಷ ಗೆದ್ದವರ ಹೆಸರು ಬರೆದವಳಿಗೆ ಯಾರೂ ಗೆಲ್ಲದ, ಯಾರೂ ಎಲ್ಲಿಗೂ ತಲುಪದ ಈ ಏಳು ನಿಮಿಷಗಳು ಹಿತವಾಗಿದ್ದವು.

ಈಜು ಟೀಚರ್ ಪ್ರತಿ ರೆಕಾರ್ಡಿಗೂ ಒಂದು ಚೀಟಿ ಕಳಿಸುತ್ತಿದ್ದಳು. ಮೇಲೆ ನಂಬರು, ಕೆಳಗೆ ಬರೆಯಬೇಕಾದ ಮಾತು. "ಕಿವಿಗೆ ನೀರು ಹೋಗಿದೆ" ಅಂತ ಒಂದಕ್ಕೆ. "ಅಮ್ಮನಿಗೆ ಹೇಳಬೇಡಿ" ಅಂತ ಇನ್ನೊಂದಕ್ಕೆ. ಅಕ್ಷರಕ್ಕ ಚೀಟಿಯಲ್ಲಿದ್ದಂತೆ ಬರೆದು ಕಳಿಸುತ್ತಿದ್ದಳು.

ಏಳನೆಯ ರೆಕಾರ್ಡಿನ ಚೀಟಿಯಲ್ಲಿ ಮಾತಿನ ಜಾಗದಲ್ಲಿ "ಫೋನ್ ಮಾಡಿ ಹೇಳ್ತೀನಿ" ಎಂದಿತ್ತು. ಫೋನು ಬರಲಿಲ್ಲ. ತಟ್ಟೆ ಕೊರೆದಾಯಿತು. ಕೊರೆದ ಗೆರೆ ಹೊತ್ತು ಕಳೆದಂತೆ ಮೊಂಡಾಗುತ್ತದೆ. ಅಂದೇ ನಾಲ್ಕು ಗಂಟೆಯ ಗಾಡಿಯಲ್ಲಿ ಕಾರ್ಖಾನೆಗೆ ಹೋಗಲೇಬೇಕು. ಇವರೇ ಫೋನು ಮಾಡಿದರೆ ಆ ಕಡೆ ಎತ್ತುವವರಿಲ್ಲ.

"ನೀರಲ್ಲಿರ್ತಾಳೆ," ಅಂದರು ಮೇಷ್ಟ್ರು. "ನಂಬರೊಂದೇ ಬರೆದುಬಿಡಮ್ಮ. ಮಾತು ಇಲ್ಲದಿದ್ರೆ ಪ್ರಪಂಚ ಮುಳುಗಲ್ಲ." ಹಾಗಂದು ಅವರು ಪೆಟ್ಟಿಗೆ ತರಲು ಕೆಳಗಿಳಿದರು.

ನಂಬರು ಬರೆದಾಯಿತು. ಉಕ್ಕಿನ ಮೊನೆ ಇನ್ನೂ ಕೈಯಲ್ಲಿತ್ತು. ಆಗಷ್ಟೇ ಕೇಳಿದ ಹಾಡು ಅವಳ ಮೈಯಿಂದ ಇಳಿದಿರಲಿಲ್ಲ. ಅದು ಬಹಳ ಕಡಿಮೆ ಸದ್ದುಗಳ ಟೆಕ್ನೊ. ನಡುವೆ ಎಲ್ಲೋ ಧಂ ಧಂ ಕೂಡ ನಿಂತುಹೋಗಿ, ಒಂದು ಗಾಳಿಯಂಥದ್ದು ತುಂಬಿಕೊಂಡು, ಇನ್ನೇನು ಯಾರೋ ಬಂದರು ಅನ್ನುವಾಗ ಮತ್ತೆ ಅದೇ ಧಂ ಧಂ. ಸರಿಯಾಗಿ ಆ ಹೊತ್ತಿಗೆ ಅವಳ ಮೇಜಿನ ಪಕ್ಕದ ಕಿಟಕಿಯ ಪರದೆ ಉಬ್ಬಿ, ಕೋಣೆಯೊಳಕ್ಕೆ ಅರ್ಧ ಬಂದು, ಹಾಗೇ ಇಳಿದಿತ್ತು. ಅವಳು ಕಿಟಕಿ ಮುಚ್ಚಿದಳು. ಪಟ್ಟಿಯ ಮೇಲೆ ಕೈ ಊರಿದಳು. "ಪರದೆ ಉಬ್ಬಿತು, ಯಾರೂ ಬರಲಿಲ್ಲ" ಎಂದು ಬರೆದಳು. ಮೇಷ್ಟ್ರು ಪೆಟ್ಟಿಗೆ ತಂದು, ತಟ್ಟೆಯನ್ನು ಹೊರಗಿನ ಅಂಚಿನಲ್ಲಿ ಹಿಡಿದು ಅದರಲ್ಲಿ ನಿಲ್ಲಿಸಿ, ನೋಡದೆಯೇ ಮುಚ್ಚಿದರು.

ಎರಡು ತಿಂಗಳು ಆ ವಿಷಯ ಅವಳ ಹೊಟ್ಟೆಯಲ್ಲೇ ಇತ್ತು. ಮುನ್ನೂರು ರೆಕಾರ್ಡು ಅಚ್ಚಾಗಿ ಬಂದವು, ಹೋದವು. ಒಂದು ಮಧ್ಯಾಹ್ನ ಈಜು ಟೀಚರ್ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಳು.

"ಏಳನೇದು ಖಾಲಿ ಮೇಷ್ಟ್ರೇ. ಒಂದೂ ಉಳಿದಿಲ್ಲ. ಎಲ್ಲರೂ ಕೇಳ್ತಿದಾರೆ, ಆ ಪರದೆ ಮಾತು ಯಾರದ್ದು ಅಂತ. ನಮ್ಮ ಹಲ್ಲಿನವನಿಗೆ ಇಂಥ ಮಾತು ಹೇಗೆ ಹೊಳೀತೋ. ನನಗೊಂದು ಮಾತೂ ಹೇಳದೆ ನಿಮಗೇ ನೇರ ಕಳಿಸಿದ್ದಾನೆ, ಕಳ್ಳ."

ಹಲ್ಲಿನವನು ಎಂದರೆ ಆ ಹಾಡು ಮಾಡಿದವನು. ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಪ್ರಯೋಗಾಲಯದಲ್ಲಿ ಕೆಲಸ. ಮೇಷ್ಟ್ರು ಕನ್ನಡಕದ ಮೇಲಿನಿಂದ ಅಕ್ಷರಕ್ಕನ ಕಡೆ ನೋಡಿದರು. ಅವಳು ಭೂತಗನ್ನಡಿಯನ್ನು ಒರೆಸುತ್ತಿದ್ದಳು, ಅಗತ್ಯಕ್ಕಿಂತ ಹೆಚ್ಚು ಹೊತ್ತು.

ಆ ಸಂಜೆ ಮನೆಯಲ್ಲಿ ಚಿಕ್ಕಮ್ಮ ಬಟಾಣಿ ಸುಲಿಯುತ್ತಿದ್ದಳು. ಎಪ್ಪತ್ತನಾಲ್ಕಾದರೂ ಅವಳ ಬೆರಳಿಗೆ ವಯಸ್ಸಾಗಿರಲಿಲ್ಲ. ಎದುರಿಗೆ ಕೂತು ಇವಳೂ ನಾಲ್ಕು ಸುಲಿದು, ಎಲ್ಲ ಹೇಳಿದಳು. ಚಿಕ್ಕಮ್ಮನ ಕೈ ನಿಂತಿತು.

"ಕೇಳಿ ಬರೆದೆಯಾ?"

"ಇಲ್ಲ."

"ಅವರ ತಟ್ಟೆ. ಅವರ ಹಾಡು."

"ಹೂಂ."

"ಚೆನ್ನಾಗಿದೆ ಅಂತಾರೆ ಅಂದೆ."

"ಅಂತಾರೆ."

"ಚೆನ್ನಾಗಿದ್ರೆ ಸರಿಹೋಯ್ತಾ?" ಚಿಕ್ಕಮ್ಮ ಮತ್ತೆ ಸುಲಿಯತೊಡಗಿದಳು. ಒಂದು ಕಾಳು ಜಾರಿ ನೆಲಕ್ಕೆ ಬಿದ್ದು ಮಂಚದಡಿಗೆ ಉರುಳಿತು. ಇಬ್ಬರೂ ಅದು ಹೋದ ದಾರಿಯನ್ನೇ ನೋಡಿದರು. "ನಾಳೆ ಹೋಗಿ ಹೇಳಿಬಿಡು. ಹೇಳಿದ ಮೇಲೆ ಅವರೇನು ಮಾಡ್ತಾರೋ ಅದು ಅವರಿಗೆ ಬಿಟ್ಟದ್ದು." ಸ್ವಲ್ಪ ಹೊತ್ತಾದ ಮೇಲೆ, ಅಡುಗೆಮನೆಯಿಂದ, "ಯಾರೂ ಬರಲಿಲ್ಲ ಅಂತ ಯಾಕೆ ಬರೆದೆ? ನಾನು ಮನೇಲಿರಲ್ವಾ?" ಎಂದಳು. ಇವಳು ಬಗ್ಗಿ ಮಂಚದಡಿಗೆ ಕೈ ಹಾಕಿ ಆ ಕಾಳನ್ನು ಹುಡುಕತೊಡಗಿದಳು.

ಮರುದಿನ ಅವಳು ಹೋಗಿ ಹೇಳುವ ಮೊದಲೇ ಹಲ್ಲಿನವನು ಬಂದಿದ್ದ. ಮೆಟ್ಟಿಲ ಮೇಲೆ ಕೂತಿದ್ದ. ನಲವತ್ತರ ಆಸುಪಾಸು, ಸಣ್ಣ ಆಳು, ಉಗುರಿನ ಸಂದಿಯಲ್ಲೆಲ್ಲ ಬಿಳಿ ಗಾರೆ. ತೊಡೆಯ ಮೇಲೆ ಏಳನೆಯ ರೆಕಾರ್ಡು.

"ಇಲ್ಲಿ ಬರೆಯೋರು ಯಾರು?"

"ನಾನೇ," ಅಂದಳು ಅವಳು. "ಮಾತೂ ನನ್ನದೇ. ಯಾರೂ ಹೇಳಿರಲಿಲ್ಲ. ತಪ್ಪಾಯ್ತು."

ಅವನು ಜಗಳಕ್ಕೆಂದು ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡು ಬಂದದ್ದೆಲ್ಲ ಒಮ್ಮೆಲೇ ಕೆಲಸಕ್ಕೆ ಬಾರದಂತಾಯಿತು. ಎದ್ದು ನಿಂತ. "ಅಲ್ಲ ಮೇಡಂ, ಯಾರೂ ಬರಲಿಲ್ಲ ಅಂದ್ರೆ ಏನರ್ಥ? ನಮ್ಮ ಲ್ಯಾಬಿನಲ್ಲಿ ದಿನಾ ಅದೇ ತಮಾಷೆ. ಪಾಪ, ಭಾನುವಾರ ಇವನ ಮನೆಗೆ ಯಾರೂ ಬರಲ್ಲ, ನಾವೇ ಹೋಗೋಣ ಅಂತ ಮೊನ್ನೆ ಮೂರು ಜನ ನಿಜವಾಗಿಯೂ ಬಂದುಬಿಟ್ರು. ಊಟದ ಹೊತ್ತಿಗೆ."

ಅವಳಿಗೆ ನಗು ಬಂತು. ತುಟಿ ಕಚ್ಚಿ ತಡೆದಳು.

"ನನ್ನ ಹಾಡಿನಲ್ಲಿ ಪರದೆ ಇಲ್ಲ," ಎಂದ ಅವನು. "ಏನೂ ಇಲ್ಲ. ನಿಮಿಷಕ್ಕೆ ನೂರ ಮೂವತ್ತೈದು ಪೆಟ್ಟು, ಅಷ್ಟೆ. ಅದಕ್ಕೆ ಅರ್ಥ ಇರಬಾರದು ಅಂತಲೇ ನಾನು ಮಾಡಿದ್ದು. ಇಡೀ ದಿನ ಬೇರೆಯವರ ಬಾಯಿಯ ಅಳತೆ ನೋಡ್ತೀನಿ. ಮನೆಗೆ ಬಂದ ಮೇಲೆ ಬಾಯಿಯೇ ಇಲ್ಲದ್ದೇನಾದ್ರೂ ಬೇಕು ಅನ್ಸುತ್ತೆ."

"ಒಳಗೆ ಬನ್ನಿ," ಎಂದಳು ಅಕ್ಷರಕ್ಕ. "ಒಂದು ನಿಮಿಷ."

ಅವನ ಕೈಯಿಂದ ರೆಕಾರ್ಡನ್ನು ತೆಗೆದುಕೊಂಡು, ಅಂಚು ಹಿಡಿದು, ಕಿಟಕಿಯ ಬೆಳಕಿಗೆ ಓರೆ ಮಾಡಿದಳು. ಗೆರೆಗಳ ಮೇಲೆ ಬೆಳಕು ಜಾರಿತು. ನಡುವಿನಿಂದ ಅಂಚಿನವರೆಗೆ ಮೂರು ಪಟ್ಟೆಗಳು ಎದ್ದು ಕಂಡವು. ಸ್ವಲ್ಪ ಬಾಗಿ, ಸರಿಯಾಗಿ ಒಂದೇ ಅಂತರದಲ್ಲಿ, ನಿಂತ ಫ್ಯಾನಿನ ರೆಕ್ಕೆಗಳ ಹಾಗೆ.

"ಇದೇನಿದು?"

"ನಿಮ್ಮ ಪೆಟ್ಟುಗಳೇ. ತಟ್ಟೆ ನಿಮಿಷಕ್ಕೆ ನಲವತ್ತೈದು ಸುತ್ತು ಬರುತ್ತೆ. ನೀವು ನೂರ ಮೂವತ್ತೈದು ಹೊಡೆದಿದ್ದೀರಿ. ಪ್ರತಿ ಸುತ್ತಿನಲ್ಲೂ ಮೂರೇ ಮೂರು, ಅದೇ ಅದೇ ಜಾಗಕ್ಕೆ ಬಂದು ಬಿದ್ದಿವೆ. ಬೇರೆಯವರದ್ದು ಹೀಗೆ ನಿಲ್ಲಲ್ಲ. ಸುರುಳಿಯಾಗಿ ಓಡಿಹೋಗಿರುತ್ತೆ." ಅವಳು ಬೆರಳನ್ನು ಗಾಳಿಯಲ್ಲಿ ನಿಲ್ಲಿಸಿ ತೋರಿಸಿದಳು. "ಇಲ್ಲಿ ನೋಡಿ, ಪಟ್ಟೆ ಇಲ್ಲಿ ಅಳಿಸಿಹೋಗಿದೆ. ಇಲ್ಲೇ ನೀವು ಎಲ್ಲ ನಿಲ್ಲಿಸಿದ್ದು. ಇಲ್ಲೇ ನನ್ನ ಪರದೆ ಉಬ್ಬಿದ್ದು."

ಅವನು ಬಹಳ ಹೊತ್ತು ನೋಡಿದ. ತಾನು ಮಾಡಿದ್ದಕ್ಕೆ ಒಂದು ಆಕಾರವಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ರೆಕಾರ್ಡನ್ನು ತಾನೇ ಹಿಡಿದು ಓರೆ ಮಾಡಿದ, ನೇರ ಮಾಡಿದ, ಮತ್ತೆ ಓರೆ ಮಾಡಿದ. ಆ ಮೂರು ಪಟ್ಟೆಗಳು ಬಂದವು, ಹೋದವು.

"ಇದು ನನಗೆ ಯಾರೂ ಹೇಳಿರಲಿಲ್ಲ," ಎಂದ. ಧ್ವನಿ ಇಳಿದಿತ್ತು.

ಈಜು ಟೀಚರಿಗೂ ಅವಳು ಅದೇ ದಿನ ಫೋನು ಮಾಡಿ ಹೇಳಿದಳು. ಆ ಕಡೆ ಮಕ್ಕಳ ಕೂಗಾಟ, ನೀರಿನ ಸದ್ದು. ಟೀಚರ್ "ತಪ್ಪು ನಂದೇ, ಫೋನ್ ಮಾಡ್ತೀನಿ ಅಂದು ಮರೆತೆ," ಅಂದಳು. ಆಮೇಲೆ ಸ್ವಲ್ಪ ಬಿಗಿಯಾಗಿಯೇ, "ಆದ್ರೆ ಅಕ್ಕ, ಇನ್ನೊಂದ್ಸಲ ಹೀಗೆ ಆಗಬಾರದು," ಎಂದೂ ಸೇರಿಸಿದಳು. ಆಗಬಾರದು, ನಿಜ ಎಂದು ಇವಳೂ ಒಪ್ಪಿಕೊಂಡಳು. ಫೋನಿಟ್ಟ ಮೇಲೆ ಅವಳಿಗೆ ಹಗುರವಾಗಲೂ ಇಲ್ಲ, ಭಾರವಾಗಲೂ ಇಲ್ಲ. ಮೇಷ್ಟ್ರು ಎರಡು ಲೋಟ ಚಹಾ ತಂದಿಟ್ಟು, ಒಂದನ್ನು ಅವಳ ಕಡೆ ಸರಿಸಿದರು.

ಕೇಳುವವರು ಇನ್ನೂ ಇದ್ದುದರಿಂದ ಏಳನೆಯದನ್ನು ಇನ್ನೊಂದು ಸಲ ಅಚ್ಚು ಹಾಕಬೇಕಾಯಿತು. ಹಳೆಯ ಅಚ್ಚು ಸವೆದಿತ್ತು. ತಟ್ಟೆಯನ್ನು ಹೊಸದಾಗಿ ಕೊರೆಯಬೇಕು. ಅಂದರೆ ಮಾತನ್ನೂ ಹೊಸದಾಗಿ ಬರೆಯಬೇಕು. ಹಲ್ಲಿನವನು ಒಂದು ಮಧ್ಯಾಹ್ನ ರಜೆ ಹಾಕಿ ಬಂದ. ಅವಳ ಮೇಜಿನ ಪಕ್ಕ ಒಂದು ಸ್ಟೂಲ್ ಎಳೆದುಕೊಂಡು ಕೂತ. ಮೇಷ್ಟ್ರು ಕೊರೆಯುವ ಮೊದಲು ಹಾಡನ್ನು ಮೂರು ಸಲ ಹಾಕಿದರು.

ಮೊದಲ ಸಲ ಇಬ್ಬರೂ ಗೋಡೆ ನೋಡುತ್ತ ಕೂತರು. ಎರಡನೆಯ ಸಲ ಅವನು, "ಪರದೆ ಬೇಡ," ಅಂದ.

"ಬೇಡ," ಅಂದಳು ಅವಳು. "ಇದನ್ನ ಮಾಡಿದ್ದು ಯಾವಾಗ?"

"ಭಾನುವಾರ ಬೆಳಿಗ್ಗೆ. ಹಲ್ಲಿನ ಅಚ್ಚಿಗೆ ಗಾರೆ ಸುರಿದು ಮನೆಗೆ ತಂದಿಟ್ಟಿದ್ದೆ, ಅರ್ಜೆಂಟ್ ಕೆಲಸ ಅಂತ. ಅದು ಗಟ್ಟಿಯಾಗೋ ತನಕ ಏನೂ ಮಾಡೋ ಹಾಗಿಲ್ಲ. ಮುಟ್ಟಿದ್ರೆ ಕೆಟ್ಟೋಗುತ್ತೆ. ಅದಕ್ಕೇ ಸುಮ್ನೆ ಕೂತು ಮಾಡಿದೆ."

"ಆಮೇಲೆ?"

"ಆಮೇಲೇನು, ನಿಧಾನ ಗಟ್ಟಿಯಾಯ್ತು."

ಅವಳು ಅವನ ಕಡೆ ನೋಡಿದಳು. ಅವನೂ ನೋಡಿದ. ಮೂರನೆಯ ಸಲ ಹಾಡು ಮುಗಿಯಿತು. ಆಮೇಲೆ ಅವನು ಒಂದು ಚೀಟಿ ಹರಿದು, ತನ್ನ ಕೈಯಿಂದಲೇ "ನಿಧಾನ ಗಟ್ಟಿಯಾಗುತ್ತೆ" ಎಂದು ಬರೆದು ಕೊಟ್ಟ. ಅವಳು ಅದನ್ನು ಅಕ್ಷರ ಬಿಡದೆ ತಟ್ಟೆಗೆ ಇಳಿಸಿದಳು. ಆ ಚೀಟಿಯನ್ನು ಮನೆಗೆ ಒಯ್ದು ಚಿಕ್ಕಮ್ಮನಿಗೆ ತೋರಿಸಿದಾಗ ಅವಳು ಭೂತಗನ್ನಡಿ ಕೇಳಿ ಪಡೆದು ಓದಿ, "ಇದು ಸರಿ," ಅಂದಳು. ಚೀಟಿಯನ್ನು ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಳು.

ಅಲ್ಲಿಂದಾಚೆಗೆ ಒದ್ದೆ ಟವೆಲ್‌ನ ಹಾಡು ಮಾಡುವವರು ಒಬ್ಬೊಬ್ಬರಾಗಿ ಆ ಸ್ಟೂಲಿಗೆ ಬಂದು ಕೂರತೊಡಗಿದರು. ಕರೆದವರಿಲ್ಲ, ಹಲ್ಲಿನವನು ಹೇಳಿರಬೇಕು. ಬೇಕರಿಯಲ್ಲಿ ಬ್ರೆಡ್ ಕತ್ತರಿಸುವ ಹೆಂಗಸೊಬ್ಬಳು ಬಂದಳು. ಅವಳ ಹೌಸ್ ಹಾಡಿನಲ್ಲಿ ಒಂದು ಹಳೆಯ ಪಿಯಾನೊ ಬಾಗಿಲು ತಟ್ಟಿ ತಟ್ಟಿ ಒಳಗೆ ಬರುತ್ತಿತ್ತು. ಅವಳು ತಂಗಿಯನ್ನು ನೆನೆದು ಮಾಡಿದ್ದಳು. ಅದನ್ನು ಹೇಳಲು ಅವಳಿಗೆ ಎರಡು ಮಧ್ಯಾಹ್ನ ಬೇಕಾಯಿತು. ಕೊನೆಗೆ ಬರೆಸಿದ್ದು "ನಿನ್ನ ಛತ್ರಿ ನನ್ನ ಹತ್ರಾನೇ ಇದೆ" ಎಂದು. ಭೂಮಾಪನ ಕಚೇರಿಯ ಗುಮಾಸ್ತನೊಬ್ಬ ಬಂದು ಏನೂ ಹೇಳದೆ, ಹಾಡು ಕೇಳಿ, ಚಹಾ ಕುಡಿದು, ಖಾಲಿ ಬಿಡಿ ಎಂದು ಹೋದ. ಅವಳು ಖಾಲಿ ಬಿಟ್ಟಳು. ಅದೂ ಅವಳಿಗೆ ಖುಷಿ ಕೊಟ್ಟಿತು.

ಅವಳು ಪ್ರಶ್ನೆ ಕೇಳುವುದೂ ಕಡಿಮೆ. ಹಾಡು ಹೋಗುತ್ತಿರುತ್ತದೆ, ಗಾಜಿನ ಆಚೆ ಕರಿ ಎಳೆ ಕೊಳವೆಯೊಳಗೆ ಸೇರುತ್ತಿರುತ್ತದೆ, ಬಿಸಿಲು ಮೇಜಿನಿಂದ ನೆಲಕ್ಕೆ ಇಳಿಯುತ್ತದೆ. ಪಕ್ಕದಲ್ಲಿ ಕೂತವರು ತಾವಾಗಿಯೇ ಮಾತಾಡತೊಡಗುತ್ತಾರೆ, ನಿದ್ದೆಯಲ್ಲಿ ಮಾತಾಡುವವರ ಹಾಗೆ, ಅರ್ಧರ್ಧ. ಆ ಅರ್ಧರ್ಧದಲ್ಲಿ ಎಲ್ಲೋ ಒಂದು ಮಾತು ಬರುತ್ತದೆ, ಆಗ ಅವಳು, "ಅದನ್ನೇ ಇನ್ನೊಂದ್ಸಲ ಹೇಳಿ," ಅನ್ನುತ್ತಾಳೆ. ಅಷ್ಟೇ ಅವಳ ಕೆಲಸ. ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಎಂಜಿನ್ನಿನ ಗುರುಗುಟ್ಟುವಿಕೆ, ಕಂಡಕ್ಟರನ ಸೀಟಿ, ಬಾಗಿಲಿನ ಕಿರ್ರೆನ್ನುವ ಸದ್ದು ಎಲ್ಲ ತಾಳಕ್ಕೆ ಬಂದು ಕೂರುತ್ತಿದ್ದವು. ಎಷ್ಟೋ ಸಲ ಅವಳು ಇಳಿಯುವ ನಿಲ್ದಾಣ ದಾಟಿ ಹೋಗಿ, ನಡೆದು ವಾಪಸ್ಸು ಬಂದದ್ದುಂಟು.

ಆ ವರ್ಷದ ಕೊನೆಗೆ ಪುರಸಭೆಯವರು ಕೊಳದ ಒಡೆದ ಟೈಲ್ಸ್ ಬಿಲ್ಲೆಗಳನ್ನು ಬದಲಿಸಲು ನೀರು ಖಾಲಿ ಮಾಡಿಸಿದರು. ಕೆಲಸ ಶುರುವಾಗುವ ಮುಂಚಿನ ಭಾನುವಾರ, ಮಧ್ಯಾಹ್ನ ಒಂದರಿಂದ ಐದರವರೆಗೆ, ಖಾಲಿ ಕೊಳದಲ್ಲಿ ಕುಣಿತ ಇಟ್ಟುಕೊಳ್ಳಲು ಈಜು ಟೀಚರ್ ಒಪ್ಪಿಗೆ ಪಡೆದಳು. ವರ್ಷವಿಡೀ ಹೊರತಂದ ಹೊಸ ರೆಕಾರ್ಡುಗಳನ್ನೆಲ್ಲ ಅಲ್ಲಿ ಹಾಕುವುದಂತೆ. ಅಕ್ಷರಕ್ಕ ಒಂದು ಕುಣಿತಕ್ಕೂ ಹೋದವಳಲ್ಲ. ಹೋಗುವ ಮನಸ್ಸೂ ಇರಲಿಲ್ಲ. ಹೊರಡಿಸಿದ್ದು ಚಿಕ್ಕಮ್ಮ.

"ಅಷ್ಟು ಜನ ಗಿರಾಕಿಗಳು ಒಂದೇ ಕಡೆ ಸೇರ್ತಾರೆ ಅಂದ್ಮೇಲೆ ನೋಡಿಕೊಂಡು ಬರೋಣ ನಡಿ," ಅಂದಳು. "ಬಟ್ಟಲು ತಗೊಂಡು ಹೋದೋರು ಯಾರಾದ್ರೂ ನಮ್ಮ ಎದುರಿಗೆ ಓಡಿ ತೋರಿಸಿದ್ರಾ? ಇವರು ಕುಣಿದಾದ್ರೂ ತೋರಿಸ್ತಾರೆ."

ಕೊಳ ತಿಳಿನೀಲಿ. ನೀರಿಲ್ಲದಿದ್ದರೂ ನೀರಿನ ವಾಸನೆ ಇತ್ತು. ಕುತ್ತಿಗೆಮಟ್ಟ, ಆಳ ಎಂದು ಗೋಡೆಯ ಮೇಲೆ ಬರೆದಿದ್ದ ಕಡೆ ಎರಡು ದೊಡ್ಡ ಸ್ಪೀಕರ್ ನಿಲ್ಲಿಸಿದ್ದರು. ಜನ ಮೊದಲು ಆಳವಿಲ್ಲದ ಕಡೆ ಸೇರಿ ನಿಂತು, ಹಾಡು ಹೋದಂತೆ, ತಮಗೇ ತಿಳಿಯದೆ ಇಳಿಜಾರಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಕೆಳಕ್ಕೆ ಸರಿಯುತ್ತಿದ್ದರು. ಮಕ್ಕಳನ್ನು ಈಜಿಗೆ ಬಿಟ್ಟು ತಾಯಂದಿರು ಕಾಯುವ ಬೆಂಚಿನ ಮೇಲೆ ಚಿಕ್ಕಮ್ಮ ಹೋಗಿ ಕೂತಳು. ಹಲ್ಲಿನವನು ಓಡಿಬಂದು ಅವಳಿಗೊಂದು ದಿಂಬು ತಂದುಕೊಟ್ಟ, ಕಿವಿಗೆ ಹತ್ತಿಯನ್ನೂ ಕೊಟ್ಟ. ಹತ್ತಿ ಬೇಡವೆಂದು ಅವಳು ವಾಪಸ್ಸು ಕೊಟ್ಟಳು.

"ಹೌಸ್ ಅಂದ್ರೆ ಮನೆ ತಾನೆ?" ಎಂದು ಅವನನ್ನೇ ಕೇಳಿದಳು. "ಹೌದು, ಇದು ಜನ ಇರೋ ಮನೆ ಹಾಗಿದೆ. ಚೆನ್ನಾಗಿದೆ. ನಿಂದು ಯಾವಾಗ ಬರುತ್ತೆ?"

"ಇನ್ನೂ ಇದೆ ಅಜ್ಜಿ. ನಂದು ಟೆಕ್ನೊ."

"ಅದರಲ್ಲಿ ಜನ ಇರಲ್ವಾ?"

"ಇರ್ತಾರೆ. ಮಾತಾಡಲ್ಲ ಅಷ್ಟೆ."

ಅಕ್ಷರಕ್ಕ ಕಬ್ಬಿಣದ ಏಣಿ ಹಿಡಿದು ಕೊಳದೊಳಕ್ಕೆ ಇಳಿದಳು. ಸ್ವಲ್ಪ ಹೊತ್ತು ಗೋಡೆಗೊರಗಿ, ಕೈ ಹಿಂದೆ ಕಟ್ಟಿಕೊಂಡು ನಿಂತಳು. ಬಿಲ್ಲೆಗಳು ಬೆನ್ನಿಗೆ ತಣ್ಣಗೆ, ಅದುರುತ್ತಿದ್ದವು. ಮಹಡಿಯ ಪುಟ್ಟ ಸ್ಪೀಕರಿನಲ್ಲಿ ಎಷ್ಟೋ ಸಲ ಕೇಳಿದ ಹಾಡೇ ಬಂತು, ಬೇಕರಿಯವಳದು. ಆದರೆ ಇಲ್ಲಿ ಅದು ಕಿವಿಗೆ ಬರಲಿಲ್ಲ, ಮೊದಲು ಅಂಗಾಲಿಗೆ ಬಂತು, ಆಮೇಲೆ ಮೊಣಕಾಲಿಗೆ, ಆಮೇಲೆ ಪಕ್ಕೆಲುಬಿನ ಒಳಗಿನ ಖಾಲಿ ಜಾಗಕ್ಕೆ. ಅವಳು ಕೈ ಬಿಚ್ಚಿದಳು. ಒಂದು ಹೆಜ್ಜೆ ಮುಂದಿಟ್ಟಳು. ಇಳಿಜಾರು ತಾನೇ ಮಿಕ್ಕದ್ದನ್ನು ಮಾಡಿತು.

ಅವಳು ಕುಣಿದಳು ಎನ್ನುವುದು ದೊಡ್ಡ ಮಾತಾದೀತು. ಕಣ್ಣು ಮುಚ್ಚಿ ನಿಂತಲ್ಲೇ ತೂಗಿದಳು. ನಡುನಡುವೆ ಯಾರದೋ ಭುಜ ತಾಗುತ್ತಿತ್ತು. ಪಕ್ಕದಲ್ಲಿದ್ದವರಿಗೆ ಅವಳು ಯಾರೆಂದು ಗೊತ್ತಿರಲಿಲ್ಲ, ಅವಳಿಗೂ ಹೇಳಬೇಕೆನ್ನಿಸಲಿಲ್ಲ. ಒಂದು ಹಾಡು ಇನ್ನೊಂದರೊಳಗೆ ಕರಗಿ, ಎಲ್ಲಿ ಮುಗಿಯಿತು ಎಲ್ಲಿ ಶುರುವಾಯಿತು ಎಂದು ತಿಳಿಯದೆ ಹೊತ್ತು ಹೋಯಿತು. ಮೇಲೆ ಮೋಡ ಬಂದು ಹೋದಾಗೆಲ್ಲ ಕೊಳದ ನೀಲಿ ಕಪ್ಪಾಗಿ ಮತ್ತೆ ತಿಳಿಯಾಗುತ್ತಿತ್ತು. ಕಣ್ಣು ಮುಚ್ಚಿದ್ದರೂ ಅವಳಿಗೆ ಅದು ರೆಪ್ಪೆಯ ಮೇಲೆ ತಿಳಿಯುತ್ತಿತ್ತು.

ಭುಜದ ಮೇಲೆ ಕೈ ಬಿದ್ದಾಗ ಕಣ್ಣು ತೆರೆದಳು. ಚಿಕ್ಕಮ್ಮ. ಏಣಿ ಇಳಿದು, ಇಳಿಜಾರಿನಲ್ಲಿ ಅಷ್ಟು ಜನರ ನಡುವೆ ದಾರಿ ಮಾಡಿಕೊಂಡು, ಆಳದ ತನಕ ಬಂದಿದ್ದಳು.

"ಐದಕ್ಕೆ ಇನ್ನು ಹತ್ತು ನಿಮಿಷ. ಬಸ್ಸಿಗೆ ಹೊರಡೋಣ್ವಾ?"

"ಇನ್ನೊಂದು ಆಗ್ಲಿ ಚಿಕ್ಕಮ್ಮ."

"ಇನ್ನೊಂದು ಅಂದ್ರೆ ಎಷ್ಟು ಹೊತ್ತು?"

"ಏಳು ನಿಮಿಷ."

ಚಿಕ್ಕಮ್ಮ ಸ್ಪೀಕರಿನ ಕಡೆ ಒಮ್ಮೆ, ಇವಳ ಮುಖದ ಕಡೆ ಒಮ್ಮೆ ನೋಡಿದಳು. "ಏಳು ನಿಮಿಷ ತಾನೆ," ಎಂದು ಚಪ್ಪಲಿ ಬಿಚ್ಚಿ ಗೋಡೆಯ ಬುಡಕ್ಕೆ ಜೋಡಿಸಿಟ್ಟು, ಬರಿಗಾಲನ್ನು ಅದುರುವ ಬಿಲ್ಲೆಗಳ ಮೇಲೆ ಊರಿ ಅವಳ ಪಕ್ಕದಲ್ಲೇ ನಿಂತಳು.